ತಪ್ಪಿದ ಅಳತೆ, ತಿದ್ದುವ ಉಳಿ

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 72 ಕಿಲೋಮೀಟರ್. ಆಯನೂರು, ಕುಂಸಿ, ಆನಂದಪುರಗಳನ್ನು ದಾಟಿ ಬಸ್ಸು ಸಾಗರ ಸೇರುವ ಹೊತ್ತಿಗೆ ಕಿಟಕಿಯಾಚೆ ಅಡಿಕೆ ತೋಟಗಳು ಶುರುವಾಗಿರುತ್ತವೆ. ಈ ದಾರಿಯನ್ನು 72ರಿಂದ ಭಾಗಿಸಿದರೆ ಉಳಿಯುವುದು ಒಂದೇ ಕಿಲೋಮೀಟರ್. ಒಂದು ವಿಮಾನವನ್ನು ಹಾಗೆಯೇ ಭಾಗಿಸಿದರೆ ಅದು ಓದುವ ಮೇಜಿನ ಮೇಲೆ ಬಂದು ಕೂರುತ್ತದೆ.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿ ವಿಮಾನದ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ 1:72ರ ಪ್ರಮಾಣವೇ. ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಇಂಚು. ಅಪ್ಪ ಅಮ್ಮಂದಿರ ಕಣ್ಣಿಗೆ ಅದು ಆಟದ ಸಾಮಾನು. ಪರೀಕ್ಷೆ ಮುಗಿಯುವವರೆಗೆ ಅಟ್ಟದ ಮೇಲಿರಲಿ ಎಂಬ ವಸ್ತು. ಆದರೆ ಅದನ್ನು ಗಂಭೀರವಾಗಿ ತೆಗೆದುಕೊಂಡವರಿದ್ದಾರೆ. ಕಿಟ್‌ನಲ್ಲಿ ತಪ್ಪಾಗಿರುವ ಭಾಗ ಯಾವುದೆಂದು ಅಳೆದು ಕಂಡುಹಿಡಿದು, ಅದರ ಬದಲಿಗೆ ಸರಿಯಾದ ಭಾಗವನ್ನು ಮಾಡಿಕೊಡುವುದೇ ಅವರ ಕಸುಬು. ಆ ಕಸುಬಿನ ಒಳಗುಟ್ಟನ್ನು ಅರಿಯಲು ಸಾಗರ, ಹೊಸನಗರ, ತೀರ್ಥಹಳ್ಳಿಗಳಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿರಲಾರದು.

ನಕಲಿನ ನಕಲು

ಕಿಟ್‌ನಲ್ಲಿ ತಪ್ಪು ನುಸುಳುವುದು ಹೇಗೆ? ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1953ರಲ್ಲಿ ಸ್ಪಿಟ್‌ಫೈರ್ ವಿಮಾನದ ತನ್ನ ಮೊದಲ ಕಿಟ್ಟನ್ನು ತಂದಿತು. ನಿಜವಾದ ವಿಮಾನವನ್ನು ಅಳೆಯುವ ಬದಲು ಅಮೆರಿಕದ ಅರೋರಾ ಕಂಪನಿಯ ದೊಡ್ಡ ಕಿಟ್ಟನ್ನೇ ಕಿರಿದು ಮಾಡಿದ್ದರಿಂದ, ಅದರಲ್ಲಿದ್ದ ತಪ್ಪುಗಳೂ ಕಿರಿದಾಗಿ ಇಳಿದುಬಂದವು. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದವನಿಗೆ ಅವನ ತಪ್ಪೂ ದಕ್ಕುವುದಿಲ್ಲವೆ, ಹಾಗೆ. ಮುಂದೆ ಕಂಪನಿಯೇ ಹೊಸ ಅಚ್ಚು ಮಾಡಿತು. ಆದರೆ ಉಕ್ಕಿನ ಅಚ್ಚು ದುಬಾರಿ. ಒಮ್ಮೆ ಮಾಡಿದ ಅಚ್ಚಿನಿಂದ ದಶಕಗಳ ಕಾಲ ಅದೇ ತಪ್ಪು ಮೂಗು, ಅದೇ ತಪ್ಪು ರೆಕ್ಕೆ ಹೊರಬರುವುದುಂಟು.

ನಮ್ಮದೇ ಉದಾಹರಣೆ ಬೇಕೆಂದರೆ ಎಚ್.ಎಫ್.-24 ‘ಮಾರುತ’ವಿದೆ. ಜರ್ಮನಿಯ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಯುದ್ಧ ವಿಮಾನ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದಕ್ಕೂ ಮುಂಚೆ, 1959ರಲ್ಲಿ, ಅದೇ ಅಳತೆಯ ಎಂಜಿನ್‌ರಹಿತ ಮರದ ವಿಮಾನವೊಂದನ್ನು ಹಾರಿಸಿ ಆಕಾರದ ಗುಣದೋಷ ಪರೀಕ್ಷಿಸಿದ್ದರು. ಲೋಹಕ್ಕೆ ಕೈಹಚ್ಚುವ ಮೊದಲು ಮರದಲ್ಲಿ ತಿದ್ದಿಕೊಂಡರು!

ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1:72ರಲ್ಲಿ ಅದು 22 ಸೆಂ.ಮೀ. ಉದ್ದ, 12.5 ಸೆಂ.ಮೀ. ಅಗಲ. ಇಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ 14 ಸೆಂ.ಮೀ.ಗೂ ಹೆಚ್ಚು ತಪ್ಪಿದಂತೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮಾರುತವಿದೆ. ಅಳೆಯುವ ಮನಸ್ಸಿದ್ದವರು ಫೋಟೋವನ್ನಷ್ಟೇ ನಂಬಬೇಕಾಗಿಲ್ಲ.

ತಪ್ಪು ಗೊತ್ತಾದ ಮೇಲೆ ತಿದ್ದುಭಾಗ ಮಾಡುವ ಕ್ರಮ ಹೀಗೆ: ಮೊದಲು ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೂಲರೂಪವೊಂದನ್ನು ಕೆತ್ತಬೇಕು. ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದರೆ ಅಚ್ಚು ಸಿದ್ಧ. ಆ ಅಚ್ಚಿಗೆ ಎರಡು ದ್ರವಗಳನ್ನು ಲೆಕ್ಕದಂತೆ ಬೆರೆಸಿದ ಪಾಲಿಯುರೆಥೇನ್ ರಾಳವನ್ನು ಹೊಯ್ಯಬೇಕು. ರಾಸಾಯನಿಕ ಕ್ರಿಯೆಯಿಂದ ಬಿಸಿಯಾಗಿ ಅದು ಗಟ್ಟಿಯಾಗುತ್ತದೆ. ಗಾಳಿಗುಳ್ಳೆ ಸೇರಿದರೆ ಕೆಲಸ ಕೆಟ್ಟಿತು. ಗಟ್ಟಿಯಾಗುವಾಗ ರಾಳ ತುಸು ಕುಗ್ಗುವುದರಿಂದ ಮೂಲರೂಪದಲ್ಲಿಯೇ ಆ ಲೆಕ್ಕ ಹಿಡಿದಿರಬೇಕು. ಕೊನೆಗೆ ಕಿಟ್ಟಿನ ತಪ್ಪು ಮೂಗನ್ನು ಗರಗಸದಿಂದ ಕತ್ತರಿಸಿ, ಹೊಸದನ್ನು ಅಂಟಿಸಿ, ಸಂದು ಕಾಣದಂತೆ ಉಜ್ಜುವುದು. ರಾಳದ ಪುಡಿ ಉಸಿರಿಗೆ ಕೆಟ್ಟದ್ದು; ಮುಖವಸ್ತ್ರ ಬೇಕು, ಮಕ್ಕಳಾದರೆ ಪಕ್ಕದಲ್ಲಿ ದೊಡ್ಡವರೂ ಬೇಕು.

ಗುಡಿಗಾರರ ಊರು

ಈ ಇಡೀ ಕೆಲಸದ ಜೀವ ಮೊದಲ ಹೆಜ್ಜೆಯಲ್ಲಿದೆ. ಮೂಲರೂಪ ಕೆತ್ತುವ ಆ ಕೈ ಸಾಗರಕ್ಕೆ ಹೊಸದಲ್ಲ. ಸಾಗರ, ಸೊರಬಗಳ ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಗೋವೆಯ ಕಡೆಯಿಂದ ಬಂದವರೆಂದು ಪ್ರತೀತಿ. ಅಂಗೈಯಗಲದ ಗಂಧದ ತುಂಡಿನಲ್ಲಿ ಬಳ್ಳಿ, ಹೂವು, ಆನೆ, ದೇವರ ಪರಿವಾರ. ಮೊದಲು ನಕ್ಷೆಯನ್ನು ಕಾಗದದ ಮೇಲೆ ಬರೆದು ಮರಕ್ಕೆ ಅಂಟಿಸಿಕೊಂಡು, ಅದರ ಗೆರೆಯಂತೆ ಉಳಿ ಆಡಿಸುವುದು ಹಳೆಯ ಪದ್ಧತಿ. ಇವರ ಉಳಿಗಳಲ್ಲಿ ಕೆಲವಂತೂ ಸೂಜಿಯಷ್ಟು ಸಣ್ಣ. ಬೆಂಡಿನಿಂದ ಮದುವೆಯ ಬಾಸಿಂಗ ಮಾಡುವವರೂ ಇವರೇ. ಗಟ್ಟಿ ಮರಕ್ಕೂ ಹಗುರ ಬೆಂಡಿಗೂ ಬೇರೆ ಬೇರೆ ಒತ್ತಡ ಬೇಕೆಂಬುದನ್ನು ಅವರ ಕೈ ಅರಿತಿದೆ.

ಈ ಕೈಗೆ ಒದಗಿದ ಕಷ್ಟವೇ ಬೇರೆ. 1986 ಮತ್ತು 1991ರ ವನ್ಯಜೀವಿ ಕಾನೂನಿನ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆ ಉಳಿಯಬೇಕಾದರೆ ಅದು ನಿಲ್ಲಲೇಬೇಕಿತ್ತು. ಕಳ್ಳಸಾಗಣೆಯಿಂದ ಕಾಡಿನ ಶ್ರೀಗಂಧ ಬರಿದಾಗಿ ಬೆಲೆ ಗಗನಕ್ಕೇರಿತು. ಹಿತ್ತಲಿನ ಗಂಧದ ಮರವೂ ಸರ್ಕಾರದ್ದೇ ಆಗಿದ್ದ ಕಾಲ ಹೋಗಿ, 2001ರ ಕಾನೂನು ತಿದ್ದುಪಡಿಯಿಂದ ಅದು ಜಮೀನಿನ ಒಡೆಯನಿಗೇ ಸೇರಿತಾದರೂ ಗಂಧದ ತಿರುಳು ಬಲಿಯಲು ದಶಕಗಳೇ ಬೇಕು. ಶಿವನೆಯಂಥ ಮರಗಳತ್ತ ಉಳಿ ತಿರುಗಿತು. ವರ್ಷಗಟ್ಟಲೆ ಕೂತು ಕಲಿಯಬೇಕಾದ ಈ ವಿದ್ಯೆಗಿಂತ ಬೆಂಗಳೂರಿನ ನೌಕರಿ ವಾಸಿ ಎನ್ನುವ ತಂದೆತಾಯಿಯನ್ನು ದೂರುವುದಾದರೂ ಹೇಗೆ?

ಆದರೂ ಒಂದು ಮಾತು. ಇಂದಿನ ಜೆಕ್ ಗಣರಾಜ್ಯದ ಮೋಸ್ಟ್ ಎಂಬ ಕಲ್ಲಿದ್ದಲ ಊರಿನಲ್ಲಿ 1989ರಲ್ಲಿ ಎಡ್ವರ್ಡ್ ಎಂಬ ಕಂಪನಿ ಹುಟ್ಟಿತು. ಮಾದರಿ ವಿಮಾನದ ಕಿಟ್ಟು, ಉಗುರಿಗಿಂತ ಸಣ್ಣ ಹಿತ್ತಾಳೆಯ ತಗಡು, ರಾಳದ ಬಿಡಿಭಾಗ – ಇವನ್ನೇ ಅದು ದೇಶದೇಶಗಳಿಗೆ ಮಾರುತ್ತದೆ. ಸಣ್ಣ ಊರಿನ ಸೂಕ್ಷ್ಮ ಕೆಲಸಕ್ಕೂ ಕೊಳ್ಳುವವರಿದ್ದಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಶಿಸ್ತು, ಕಲ್ಲು, ಕಂಬ

ಸಾಗರದಿಂದ ಕೂಗಳತೆಯ ದೂರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯನ್ನು ಅಳೆಸಿ ಕಂದಾಯ ಗೊತ್ತುಮಾಡಿದ್ದಕ್ಕೆ ‘ಶಿಸ್ತು’ ಎಂದು ಹೆಸರು. ಅಡಿಕೆ ತೋಟದ ಅಳತೆಗೋಲು ‘ದಾಯ’. ಅದರ ಉದ್ದ 18 ಅಡಿ 6 ಇಂಚು ಎಂದೂ ಇಕ್ಕೇರಿಯ ಈ ದೇಗುಲದ ಕಲ್ಲಿನಲ್ಲಿ ಅದರ ಗುರುತಿದೆಯೆಂದೂ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಕೋಲು ಸವೆಯಬಹುದು, ಹಿಡಿದವನು ಮೋಸ ಮಾಡಬಹುದು. ಸಂದೇಹ ಬಂದರೆ ತಾಳೆ ನೋಡಲು ಕಲ್ಲಿದೆ. ಮಾದರಿ ತಿದ್ದುವವನು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದು ಹೋಗುವುದೂ ಇದಕ್ಕಾಗಿಯೇ.

ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಪಾಠ ಇನ್ನೂ ಕಠಿಣ. ಸಾಂತರರ ಕಾಲದ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಗೆ ‘ಊರ್ವೀತಿಲಕ’ವೆಂಬ ಹೆಸರುಂಟು. ಕಲ್ಲಿನಲ್ಲಿ ಕಳೆಯುವುದಕ್ಕೆ ಮಾತ್ರ ಅವಕಾಶ. ಹಾರಿಹೋದ ಚೂರನ್ನು ಮರಳಿ ಕೂಡಿಸಲಾಗದು. ಹಾಗಾಗಿ ಉಳಿಗೆ ಮೊದಲು ಕಣ್ಣು ಕೆಲಸ ಮಾಡಿರಬೇಕು. ರಾಳದವನಿಗೆ ಇನ್ನೊಂದು ಎರಕ ಹೊಯ್ಯುವ ಅನುಕೂಲವಿದೆ. ಬಸದಿಯ ಶಿಲ್ಪಿಗೆ ಅದಿರಲಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯವಾಗಿದೆ. ಒಳಗಿನ ತೊಟ್ಟಿ, ಉಪ್ಪರಿಗೆ, ಮರದ ಕಂಬಗಳನ್ನು ಮಕ್ಕಳು ಮುಟ್ಟಿ ನೋಡದೆ ಬರುವುದಿಲ್ಲ. ಮಲೆನಾಡಿನ ಮಳೆಗೆ, ಗೆದ್ದಲಿಗೆ ಕಂಬದ ಬುಡ ಹಾಳಾದರೆ ಆಚಾರ್ರು ಇಡೀ ಕಂಬವನ್ನು ಬಿಸಾಡುವುದಿಲ್ಲ. ಕೆಟ್ಟಷ್ಟನ್ನೇ ಕತ್ತರಿಸಿ, ಅದೇ ಅಳತೆಯ ಹೊಸ ತುಂಡನ್ನು ಬೆಸೆಯುತ್ತಾರೆ. ಇದೂ ತಿದ್ದುಭಾಗವೇ; ಪ್ರಮಾಣ ಮಾತ್ರ ಒಂದಕ್ಕೆ ಒಂದು.

ಈಗ ಕಂಪ್ಯೂಟರಿನಲ್ಲಿ ಮೂಲರೂಪ ಬರೆದು ಯಂತ್ರದಿಂದ ಪದರ ಪದರವಾಗಿ ಅಚ್ಚೊತ್ತುವ ವಿಧಾನ ಬಂದಿದೆ. ಉಳಿಯ ಅರ್ಧ ಕೆಲಸ ಅದು ಮಾಡೀತು. ಆದರೆ ತಪ್ಪು ಅಳತೆ ಕೊಟ್ಟರೆ ತಪ್ಪನ್ನೇ ಅಂದವಾಗಿ ಮಾಡಿಕೊಡುತ್ತದೆ. ತಪ್ಪೆಂದು ಗುರುತಿಸುವ ಕಣ್ಣನ್ನು ಮಗು ಕೈಯಾರೆ ಕೆಲಸ ಮಾಡಿಯೇ ಪಡೆಯಬೇಕು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮರಳಿದರೆ ಊರಾಚೆ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. 2023ರ ಫೆಬ್ರವರಿ 27ರಂದು ಅದರ ಉದ್ಘಾಟನೆಯಾಯಿತು. ಆ ಆಗಸ್ಟ್ 31ರಂದು ಬೆಂಗಳೂರಿನಿಂದ ಎ.ಟಿ.ಆರ್.-72 ವಿಮಾನ ಬಂದಿಳಿಯಿತು. ಅದರ ಉದ್ದ 27.17 ಮೀಟರ್. ಅದನ್ನು 72ರಿಂದ ಭಾಗಿಸಿ ಎಷ್ಟು ಸೆಂಟಿಮೀಟರ್ ಬರುತ್ತದೆಂದು ಮಕ್ಕಳು ಲೆಕ್ಕ ಮಾಡಲಿ. ಆಮೇಲೆ ರಟ್ಟಿನ ಮೇಲೆ ಗೆರೆ ಎಳೆದು ಕತ್ತರಿಸಲಿ. ಮೊದಲ ಸಲ ಅಳತೆ ತಪ್ಪೀತು. ಆಗ ಬೈಯದೆ ಇನ್ನೊಂದು ರಟ್ಟು ಕೊಡುವುದು ದೊಡ್ಡವರ ಕೆಲಸ.