ಹೊಸ ಹಾರ್ಮೋನಿಯಂ ಆಸೆ ಬಂದಾಗ

ರಾಗಿ ದುಡ್ಡು ಕೈಗೆ ಬಂದ ವಾರವೇ ನನಗೆ ಹೊಸ ಹಾರ್ಮೋನಿಯಂ ಆಸೆ ಹತ್ತುತ್ತೆ. ಅದೂ ಸ್ಕೇಲ್ ಚೇಂಜರ್. ಅದರ ಉಪಯೋಗ ಇಷ್ಟೇ: ಬೆರಳಿನ ಜಾಗ ಬದಲಿಸದೆ ಶ್ರುತಿ ಏರಿಸಬಹುದು, ಇಳಿಸಬಹುದು. ನಮ್ಮ ಭಜನೆಯಲ್ಲಿ ಗಂಡಸರದು ಕಪ್ಪು 1, ಹೆಂಗಸರದು ಕಪ್ಪು 4. ಎರಡರಲ್ಲೂ ಬೆರಳು ಓಡಿಸೋದು ಕಲಿತರೆ ಹಳೇ ಪೆಟ್ಟಿಗೆಯೇ ಸಾಕು.

ಆಸೆ ಜೋರಾದಾಗ ನಾನು ಅದನ್ನೇ ಬಿಚ್ಚಿ ಕೂರ್ತೀನಿ. ರೀಡಿಗೆ ಧೂಳು ಕೂತರೆ ಸ್ವರ ಏಳಲ್ಲ. ಮೆತ್ತನೆ ಬ್ರಷ್ಷಲ್ಲಿ ತೆಗೀಬೇಕು. ತಿದಿ ಸೋರಿದರೆ ಪಟ್ಟಿ ಅಂಟಿಸಬೇಕು. ಆಮೇಲೆ ನುಡಿಸ್ತಾ ಕೂತರೆ ಅಂಗಡಿ ನೆನಪಾಗಲ್ಲ. ಆದರೂ ಆಸೆ ಹೋಗದಿದ್ದರೆ ಮುಂದಿನ ಸುಗ್ಗಿವರೆಗೆ ತಡೀತೀನಿ. ಈ ದುಡ್ಡಲ್ಲಿ ಮಗಳ ಕಾಲೇಜ್ ಫೀಸು, ಬಿತ್ತನೆ ಬೀಜ ಎರಡೂ ಆಗಬೇಕು.

ನಿಮ್ಮ ಮನೇಲಿ ತಬಲಾ, ಡೋಲಕ್ ಮೂಲೆ ಸೇರಿದ್ರೆ ಶನಿವಾರ ಭಜನೆಗೆ ತಗೊಂಡು ಬನ್ನಿ.