ಝೀಲಂ ದಂಡೆಯಲ್ಲಿ 21 ದಿನದ ನೂಲು

ಜುಲೈ ತಿಂಗಳು ಬಂತೆಂದರೆ ಫ್ರಾನ್ಸ್ ದೇಶದಲ್ಲಿ ‘ಟೂರ್ ಡಿ ಫ್ರಾನ್ಸ್’ ಎಂಬ ಹೆಸರಾಂತ ಸೈಕಲ್ ಸ್ಪರ್ಧೆ ನಡೆಯುತ್ತದೆ. 21 ದಿನ ಓಟ, ನಡುವೆ 2 ದಿನ ವಿಶ್ರಾಂತಿ. ಇದರ ಜೊತೆಜೊತೆಗೇ ಇನ್ನೊಂದು ಸ್ಪರ್ಧೆಯೂ ನಡೆಯುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದರ ಹೆಸರು ‘ಟೂರ್ ಡಿ ಫ್ಲೀಸ್’. ಫ್ಲೀಸ್ ಎಂದರೆ ಕುರಿಯ ಮೈಯಿಂದ ಕತ್ತರಿಸಿ ತೆಗೆದ ಉಣ್ಣೆ. 2006ರಲ್ಲಿ ಆರಂಭವಾದ ಇದನ್ನು ಸ್ಪರ್ಧೆ ಎನ್ನುವುದಕ್ಕಿಂತ ವ್ರತವೆನ್ನುವುದೇ ಸರಿ. ಸೈಕಲ್ಲಿನವರು ಓಡುವ ದಿನವೆಲ್ಲ ಇವರು ಕೈಯಿಂದ ನೂಲಬೇಕು. ಅವರು ವಿಶ್ರಮಿಸಿದ ದಿನ ಇವರಿಗೂ ವಿಶ್ರಾಂತಿ. ಅವರು ಕಡಿದಾದ ಬೆಟ್ಟ ಹತ್ತುವ ದಿನ ಇವರೂ ತಮಗೆ ಕಷ್ಟವಾದದ್ದನ್ನೇ ಕೈಗೆತ್ತಿಕೊಳ್ಳಬೇಕು. ರೇಷ್ಮೆ, ಯಾಕ್‌ನ ತುಪ್ಪಳ, ಕ್ಯಾಶ್ಮಿಯರ್ ಮುಂತಾದ ಬೆಲೆಬಾಳುವ ನಾರುಗಳನ್ನು ಅನೇಕರು ಆ ದಿನಕ್ಕೆಂದೇ ಕಾದಿರಿಸುತ್ತಾರೆ.

ಈ ಸುದ್ದಿಯನ್ನು ನಮ್ಮ ಮನೆಗೆ ತಂದವಳು ಮಗಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿನಲ್ಲಿ ಓದುತ್ತಿರುವವಳು. “ಅಮ್ಮಾ, ಕ್ಯಾಶ್ಮಿಯರ್ ಅಂದ್ರೆ ನಮ್ಮ ಕಾಶ್ಮೀರಾನೇ ಅಲ್ವಾ? ಅಲ್ಲಿಗೇ ಹೋಗಿ ನೂಲೋಣ” ಎಂದಳು. ಅವಳ ಮಾತು ನಿಜ. ಯುರೋಪಿನವರು ಕಾಶ್ಮೀರದ ಶಾಲು ಕಂಡು ಆ ಊರಿನ ಹೆಸರನ್ನೇ ನಾರಿಗೂ ಇಟ್ಟರು. ನಾವು ಅದನ್ನು ಪಶ್ಮೀನಾ ಎನ್ನುತ್ತೇವೆ. ಪಾರಸಿಯಲ್ಲಿ ಪಶ್ಮ್ ಎಂದರೆ ಉಣ್ಣೆ. ಅವಳ ರಜೆಗೆ ಹೊಂದುವಂತೆ 23 ದಿನ ಗೊತ್ತುಮಾಡಿಕೊಂಡೆವು. ಹೊರಡುವ ಮೊದಲು ಒಂದು ತಿಂಗಳು ತಕಲಿಯಲ್ಲಿ ಹತ್ತಿ ನೂತು ಕೈ ಪಳಗಿಸಿಕೊಂಡೆವು.

ಶ್ರೀನಗರ ಈಗ ದೆಹಲಿಗೆ ಮೊದಲಿಗಿಂತ ಹತ್ತಿರವಾಗಿದೆ. 2025ರ ಜೂನ್ 6ರಂದು ಕಟ್ರಾ–ಶ್ರೀನಗರ ರೈಲಿಗೆ ಚಾಲನೆ ದೊರೆಯಿತು. ಕಟ್ರಾದಲ್ಲಿ ಗಾಡಿ ಬದಲಿಸಿದರೆ ಸುಮಾರು 3 ಗಂಟೆಯ ದಾರಿ. ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆಯನ್ನು ರೈಲು ದಾಟುವಾಗ ಇಡೀ ಡಬ್ಬಿಯ ಜನ ಕಿಟಕಿಗೆ ಮುಖ ಹಚ್ಚಿರುತ್ತಾರೆ. ಸುರಂಗಗಳ ಕತ್ತಲೆ ಮುಗಿದು ಬಯಲು ತೆರೆದುಕೊಂಡಾಗ ಪಾಪ್ಲರ್ ಮರಗಳ ಸಾಲು, ನೀರು ನಿಂತ ಭತ್ತದ ಗದ್ದೆಗಳು ಕಾಣುತ್ತವೆ. ಗದ್ದೆ ನೋಡಿದೊಡನೆ ನನಗೆ ಮಲೆನಾಡು ನೆನಪಾಯಿತು.

ಪ್ರವಾಸಿಗಳು ಸಾಮಾನ್ಯವಾಗಿ ದಾಲ್ ಸರೋವರದ ಸುತ್ತಲೇ ಉಳಿಯುತ್ತಾರೆ. ಪಶ್ಮೀನಾ ನೋಡಬೇಕೆಂದರೆ ಹಳೆಯ ನಗರಕ್ಕೆ ಹೋಗಬೇಕು. ಝೀಲಂ ನದಿಯ ಎರಡೂ ದಡಗಳಲ್ಲಿ ಒತ್ತೊತ್ತಾಗಿ ನಿಂತ ಇಟ್ಟಿಗೆ-ಮರದ ಮನೆಗಳು, ಕೆತ್ತನೆಯ ಕಿಟಕಿಗಳು, ದಡಗಳನ್ನು ಕೂಡಿಸುವ ಕದಲ್‌ಗಳು. ಕದಲ್ ಎಂದರೆ ಸೇತುವೆ. ಝೈನಾ ಕದಲ್ ಹೆಸರಿನ ಹಿಂದಿರುವವನು 15ನೆಯ ಶತಮಾನದ ಸುಲ್ತಾನ ಝೈನುಲ್ ಆಬಿದೀನ್. ಕಾಶ್ಮೀರದ ಕಸುಬುಗಳಿಗೆ ಆಸರೆ ಕೊಟ್ಟವನೆಂದು ಜನ ಇಂದಿಗೂ ಅವನನ್ನು ನೆನೆಯುತ್ತಾರೆ. ಬೆಳಗಿನ ಹೊತ್ತು ಕಾಂದರ್‌ನ, ಎಂದರೆ ರೊಟ್ಟಿ ಸುಡುವವನ, ಅಂಗಡಿಯಿಂದ ಬಿಸಿ ರೊಟ್ಟಿಯ ವಾಸನೆ ಗಲ್ಲಿಯೆಲ್ಲ ಹರಡುತ್ತದೆ. ಅದರ ಜೊತೆಗೆ ಕುಡಿಯುವುದು ಗುಲಾಬಿ ಬಣ್ಣದ ಉಪ್ಪು ಚಹಾ.

ಇಂಥದೊಂದು ಗಲ್ಲಿಯ ಮೂರಂತಸ್ತಿನ ಮನೆಯಲ್ಲಿ ನಮಗೆ ಕಲಿಸಲು ಒಪ್ಪಿದ ಹಿರಿಯ ಹೆಂಗಸನ್ನು ನಾವು ಎಲ್ಲರಂತೆ ‘ಆಪಾ’ ಎಂದು ಕರೆದೆವು. ಅವರ ಉರ್ದು, ನಮ್ಮ ಹಿಂದಿ ಎರಡೂ ಸೇರಿ ಮಾತು ಸಾಗಿತು. ಕಿಟಕಿಯ ಬಳಿ ನೆಲದ ಮೇಲೆ ಅವರ ಯಂದರ್ ಇತ್ತು. ಯಂದರ್ ಎಂದರೆ ಕಾಶ್ಮೀರದ ರಾಟೆ. ಕದಿರು ಸಲೀಸಾಗಿ ತಿರುಗಲೆಂದು ಅದಕ್ಕೆ ಹುಲ್ಲು ಹೆಣೆದ ಕುಣಿಕೆ.

ನೂಲುವುದಕ್ಕೆ ಮುಂಚಿನ ಕೆಲಸವೇ ಬಹಳ. ಪಶ್ಮೀನಾ ಬರುವುದು ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಿಂದ. 4,000 ಮೀಟರಿಗೂ ಎತ್ತರದ ಆ ನಾಡಿನಲ್ಲಿ ಚಾಂಗ್‌ಪಾ ಎಂಬ ಅಲೆಮಾರಿ ಜನ ಆಡು ಸಾಕುತ್ತಾರೆ. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಚಳಿಯನ್ನು ತಡೆಯಲು ಆಡಿನ ಒರಟು ಕೂದಲಿನ ಅಡಿಯಲ್ಲಿ ಮೆತ್ತನೆಯ ತುಪ್ಪಳ ಬೆಳೆಯುತ್ತದೆ. ಬಿಸಿಲು ಏರಿದಂತೆ ಅದು ತಾನಾಗಿ ಸಡಿಲಗೊಳ್ಳುತ್ತದೆ. ಆಗ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಆಡಿನಿಂದ ಸಿಗುವುದು ಸುಮಾರು 250 ಗ್ರಾಂ. ಒರಟು ಕೂದಲು ಬೇರ್ಪಡಿಸಿದ ಮೇಲೆ ಅದರಲ್ಲಿ ಅರ್ಧವೂ ಉಳಿಯದು. ಉಳಿದ ಎಳೆಯ ದಪ್ಪ 12ರಿಂದ 16 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇದೆಯೆಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಆಪಾ ಮೊದಲ ದಿನ ನಮಗೆ ರಾಟೆ ಮುಟ್ಟಗೊಡಲಿಲ್ಲ. ಅಕ್ಕಿ ನೆನೆಸಿ ಕುಟ್ಟಿದ ಹಿಟ್ಟನ್ನು ತುಪ್ಪಳಕ್ಕೆ ಸವರಿ ಇಡಲು ಹೇಳಿದರು. ಅಕ್ಕಿ ಹಿಟ್ಟು ಜಿಡ್ಡನ್ನು ಹೀರುತ್ತದೆ, ಎಳೆಗೆ ಬಿಗಿ ಕೊಡುತ್ತದೆ. ಆಮೇಲೆ ಹಿಟ್ಟು ಉದುರಿಸಿ, ಬಾಚಿ, ಮೋಡದ ತುಣುಕಿನಂತೆ ಚಪ್ಪಟೆ ಮಾಡಬೇಕು. ಹತ್ತಿಯಲ್ಲಿ ನಾವು ಹಂಜಿ ಎನ್ನುವಂಥದೇ ಇದು. ಅಂಗೈಯಲ್ಲಿಟ್ಟರೆ ತೂಕವೇ ತಿಳಿಯುವುದಿಲ್ಲ. ಒಂದೆರಡು ನಿಮಿಷಕ್ಕೆ ಅಂಗೈ ಬೆಚ್ಚಗಾದಾಗಲೇ ಏನೋ ಇದೆಯೆಂದು ಗೊತ್ತಾಗುವುದು.

ಎರಡನೆಯ ದಿನದಿಂದ ನೂಲು. ಬಲಗೈ ಚಕ್ರ ತಿರುಗಿಸಬೇಕು, ಎಡಗೈ ಹಿಂದಕ್ಕೆ ಸರಿಯುತ್ತ ಎಳೆ ಬಿಡಬೇಕು. ಹುರಿ ಕಡಿಮೆಯಾದರೆ ಎಳೆ ಕರಗಿದಂತೆ ಕಳಚಿಕೊಳ್ಳುತ್ತದೆ. ಹೆಚ್ಚಾದರೆ ಸುರುಳಿ ಸುತ್ತಿಕೊಳ್ಳುತ್ತದೆ. ಹತ್ತಿಯಲ್ಲಿ ಪಳಗಿದ ಬೆರಳು ಇಲ್ಲಿ ತೀರಾ ಬಿಗಿಯಾಯಿತು. “ಹಿಡಿಯಬೇಡ, ಹೋಗಲು ಬಿಡು” ಎನ್ನುತ್ತಿದ್ದರು ಆಪಾ. ಐದನೆಯ ದಿನ ಮಗಳು ಒಂದು ಮಾರು ಉದ್ದದ ಎಳೆ ತುಂಡಾಗದಂತೆ ನೂತಳು. ಹೀಗೆ ನೂತ ಎರಡು ಎಳೆಗಳನ್ನು ಕೂಡಿಸಿ ಮತ್ತೆ ಹುರಿ ಮಾಡಿದರೆ ದಾರ ಸಿದ್ಧ.

ಯಂತ್ರವಿರುವ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಶುದ್ಧ ಪಶ್ಮೀನಾ ಎಳೆ ಯಂತ್ರದ ಸೆಳೆತವನ್ನು ತಾಳಲಾರದು. ಅದಕ್ಕಾಗಿ ನೈಲಾನ್ ಬೆರೆಸಿ ಯಂತ್ರದಲ್ಲಿ ನೂತು, ನೇಯ್ದ ಮೇಲೆ ಆ ನೈಲಾನನ್ನು ಆಮ್ಲದಲ್ಲಿ ಕರಗಿಸುವ ಪದ್ಧತಿ ಬಂದಿದೆ. ಆಮ್ಲ ತಾಗಿದ ನಾರು ಬಲಗುಂದುತ್ತದೆ. ಅಂಥ ಶಾಲು ಬಹುಕಾಲ ಬಾಳುವುದಿಲ್ಲ. ಆದರೆ ಅಂಗಡಿಯ ಗಾಜಿನ ಹಿಂದೆ ಎರಡೂ ಒಂದೇ ರೀತಿ ಕಾಣುತ್ತವೆ. 2008ರಲ್ಲಿ ‘ಕಾಶ್ಮೀರ್ ಪಶ್ಮೀನಾ’ಕ್ಕೆ ಭೌಗೋಳಿಕ ಗುರುತು ದೊರೆಯಿತು. ಎಳೆ 16 ಮೈಕ್ರಾನ್ ಮೀರಬಾರದು, ಕೈಯಲ್ಲೇ ನೂತಿರಬೇಕು, ಕೈಮಗ್ಗದಲ್ಲೇ ನೇಯ್ದಿರಬೇಕು ಎಂಬುದು ನಿಯಮ. ಶ್ರೀನಗರದ ಕ್ರಾಫ್ಟ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಪರೀಕ್ಷಿಸಿ ಗುರುತುಪಟ್ಟಿ ಹಚ್ಚುತ್ತಾರೆ.

ವಿಶ್ರಾಂತಿಯ ದಿನ ನಾವು ಝಾಲ್‌ಡಗರ್ ಕಡೆ ನಡೆದು ಹೋದೆವು. 1865ರ ಏಪ್ರಿಲ್ 29ರಂದು ಶಾಲು ನೇಕಾರರು ತೆರಿಗೆಯ ಭಾರ ತಾಳಲಾರದೆ ಮೆರವಣಿಗೆ ಹೊರಟು, ಡೋಗ್ರಾ ಸೈನಿಕರ ದಾಳಿಗೆ ಸಿಕ್ಕು ಪ್ರಾಣ ಕಳೆದುಕೊಂಡ ಜಾಗ ಅದು. ಕೆಲವೇ ವರ್ಷಗಳಲ್ಲಿ, 1870–71ರ ಫ್ರಾನ್ಸ್–ಪ್ರಷ್ಯ ಯುದ್ಧದಿಂದ ಫ್ರಾನ್ಸಿನ ಮಾರುಕಟ್ಟೆಯೂ ಕುಸಿಯಿತು. ಜಗತ್ತಿನ ರಾಣಿಯರು ಹೊದೆಯುತ್ತಿದ್ದ ಶಾಲನ್ನು ಮಾಡುತ್ತಿದ್ದವರು ಹೊಟ್ಟೆಗಿಲ್ಲದಾದರು. ಈ ಕಥೆಯಲ್ಲಿ ನೇಕಾರರಾದರೂ ಕಾಣುತ್ತಾರೆ. ನೂತ ಹೆಂಗಸರ ಸುಳಿವೇ ಇಲ್ಲ.

ಅವರ ಕೂಲಿಯ ಲೆಕ್ಕ ನಮಗೆ ತಿಳಿದದ್ದು ಕೊನೆಯ ವಾರದಲ್ಲಿ. ಅಲ್ಲಿ ದಾರವನ್ನು ಗಂಟಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸುಮಾರು 10 ಅಂಗುಲದ 10 ಎಳೆ ಸೇರಿದರೆ ಒಂದು ಗಂಟು. ಎಂದರೆ ಎರಡೂವರೆ ಮೀಟರ್ ಹುರಿದಾರ; ಅದಕ್ಕಾಗಿ ಐದು ಮೀಟರ್ ಒಂಟಿ ಎಳೆ ನೂತಿರಬೇಕು. ಇಷ್ಟಕ್ಕೆ ಬಹಳ ಕಾಲ ಸಿಗುತ್ತಿದ್ದದ್ದು ಒಂದು ರೂಪಾಯಿ. ಈಚೆಗೆ ಕೆಲವರು ಹೆಚ್ಚು ಕೊಡತೊಡಗಿದ್ದಾರೆ. ಮಗಳು ತಾನು ನೂತದ್ದನ್ನು ಎಣಿಸಿದಳು. 4 ಗ್ರಾಂ ತುಪ್ಪಳದಿಂದ 15 ಗಂಟು. ಅವಳ ದಾರ ಆಪಾ ನೂತದ್ದಕ್ಕಿಂತ ಬಹಳ ದಪ್ಪ. “ಅಮ್ಮಾ, ಮೂರು ವಾರಕ್ಕೆ ಹದಿನೈದು ರೂಪಾಯಿ! ಆಟೋದವನು ಮೀಟರ್ ಕೂಡ ಹಾಕಲ್ಲ” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆಪಾ ತಮ್ಮ ಬಗ್ಗೆ ಮರುಕ ಪಡುವವರಲ್ಲ. ಮನೆಗೆಲಸ ಮುಗಿಸಿ ರಾತ್ರಿ ಕುಳಿತು ನೂತ ದುಡ್ಡಿನಲ್ಲೇ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾರೆ. “ಇದು ನನ್ನ ದುಡ್ಡು. ಯಾರನ್ನೂ ಕೇಳಿ ಖರ್ಚು ಮಾಡಿದವಳಲ್ಲ” ಎಂದರು. ಹಾಗಾದರೆ ಮಗಳಿಗೂ ಕಲಿಸಿದ್ದೀರಾ ಎಂದು ಕೇಳಿದೆ. “ಕಲಿಸಿದ್ದೇನೆ. ಆದರೆ ನೂಲುವುದಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಾನೂ ಬಲವಂತ ಮಾಡಿಲ್ಲ. ಯಾವ ಬಾಯಿಂದ ಮಾಡಲಿ?” ಎಂದು ಮತ್ತೆ ಚಕ್ರ ತಿರುಗಿಸಿದರು. ಪಶ್ಮೀನಾ ಉಳಿಯುವುದು ಆಡಿನ ಮೇಲೆ ಎಷ್ಟು ನಿಂತಿದೆಯೋ ಈ ಪ್ರಶ್ನೆಯ ಉತ್ತರದ ಮೇಲೂ ಅಷ್ಟೇ ನಿಂತಿದೆ. ಹೊಟ್ಟೆ ತುಂಬದ ಕಸುಬನ್ನು ‘ಪರಂಪರೆ’ ಎಂದು ಹೊಗಳಿದ ಮಾತ್ರಕ್ಕೆ ಮುಂದಿನ ತಲೆಮಾರು ಅದನ್ನು ಹಿಡಿಯುವುದಿಲ್ಲ.

ಇನ್ನೊಂದು ಲಾಭ ನಾವು ಎಣಿಸಿರದಿದ್ದದ್ದು. ಶ್ರೀನಗರದಲ್ಲಿ ಕುಳಿತು ಮಗಳು ಕನ್ನಡ ಕಲಿತಳು! ಪ್ರತಿಯೊಂದಕ್ಕೂ “ಇದಕ್ಕೆ ನಮ್ಮಲ್ಲಿ ಏನಂತಾರೆ?” ಎಂದು ಕೇಳುತ್ತಿದ್ದಳು. ರಾಟೆ, ಕದಿರು, ಹಂಜಿ, ಎಳೆ, ಹುರಿ, ಲಡಿ. ಹತ್ತಿ ಬಿಡಿಸುವುದಕ್ಕೆ ಹಿಂಜುವುದು ಎನ್ನುತ್ತಾರೆಂದು ಹೇಳಿದಾಗ, “ಅಜ್ಜಿ ನನಗೆ ‘ಎಷ್ಟು ಹಿಂಜ್ತೀಯೇ’ ಅನ್ನೋದು ಇದೇನಾ?” ಎಂದು ಕೇಳಿದಳು. ಎಳೆಎಳೆಯಾಗಿ ಬಿಡಿಸಿ ಹೇಳುವುದು, ಹಾಸುಹೊಕ್ಕಾಗುವುದು ಎಂದು ನಾವು ದಿನವೂ ಆಡುವ ಮಾತುಗಳೆಲ್ಲ ರಾಟೆ-ಮಗ್ಗಗಳಿಂದ ಎದ್ದು ಬಂದವು.

ಕಾಶ್ಮೀರದವರಿಗೆ 14ನೆಯ ಶತಮಾನದ ಸಂತ ಕವಯಿತ್ರಿ ಲಲ್ ದೇದ್ ಮನೆಮಾತು. ಹತ್ತಿಯ ಹೂವು ಬಟ್ಟೆಯಾಗುವವರೆಗಿನ ಪಾಡನ್ನು ಆಕೆ ತನ್ನ ಬಾಳಿಗೆ ಹೋಲಿಸಿದ್ದಾಳೆ. ಅವಳಿಗಿಂತ ಮೊದಲೇ, 12ನೆಯ ಶತಮಾನದಲ್ಲಿ, ನಮ್ಮ ಕದಿರೆ ರೆಮ್ಮವ್ವೆ ರಾಟೆ ತಿರುಗಿಸಿ ಹೊಟ್ಟೆ ಹೊರೆದವಳು, ಆ ರಾಟೆಯನ್ನೇ ಮುಂದಿಟ್ಟುಕೊಂಡು ವಚನ ಹೇಳಿದವಳು. ಅವಳ ಹೆಸರಿನಲ್ಲೇ ಕದಿರು ಇದೆ. ಆಪಾಗೆ ಇದನ್ನು ಹೇಳಿದಾಗ, “ಹಾಗಾದರೆ ನಿಮ್ಮ ಊರಲ್ಲೂ ನೂಲುವವರ ಮಾತು ಜನ ಕೇಳಿದ್ದಾರೆ” ಎಂದರು.

ನಮ್ಮ ನಾಡಿನಲ್ಲೂ ಆ ಕೈಗಳಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಖಾದಿ ಸಂಘ ರಾಷ್ಟ್ರಧ್ವಜ ಸಿದ್ಧಪಡಿಸುತ್ತದೆ. ಧಾರವಾಡದ ಬಳಿಯ ಗರಗ ಧ್ವಜದ ಖಾದಿಗೆ ಹೆಸರಾದ ಊರು. ಚಿತ್ರದುರ್ಗದ ಸೀಮೆಯ ಕುರುಬರ ಮನೆಗಳಲ್ಲಿ ಕಂಬಳಿಗೆ ಉಣ್ಣೆ ನೂತವರೂ ಹೆಂಗಸರೇ. ಕಂಬಳಿ ಚುಚ್ಚುತ್ತದೆ, ಪಶ್ಮೀನಾ ಮುದ್ದಿಸುತ್ತದೆ. ಆದರೆ ಎರಡಕ್ಕೂ ಸವೆದ ಬೆರಳಿನ ಶ್ರಮದಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ.

ಯುವ ಓದುಗರೇ, ಈ ಸವಾಲಿಗೆ ಶ್ರೀನಗರಕ್ಕೇ ಹೋಗಬೇಕೆಂದಿಲ್ಲ. ಖಾದಿ ಅಂಗಡಿಯಲ್ಲಿ ತಕಲಿಯನ್ನೂ ಹಂಜಿಯನ್ನೂ ವಿಚಾರಿಸಿ. ರಾಜಘಾಟಿನ ಎದುರಿಗಿರುವ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿ ಬಗೆಬಗೆಯ ಚರಕಗಳಿವೆ. ಒಮ್ಮೆ ನೋಡಿ ಬನ್ನಿ. ದಿನಕ್ಕೆ ಅರ್ಧ ಗಂಟೆಯಂತೆ 21 ದಿನ ನೂಲಿ. ಮೊದಲ ವಾರ ಹತ್ತಿ, ಆಮೇಲೆ ಉಣ್ಣೆ, ಕೈ ಕುದುರಿದ ಮೇಲೆ ಅಸ್ಸಾಮಿನ ಎರಿ ರೇಷ್ಮೆ. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಿಂದ ಉದ್ದನೆಯ ಒಂದೇ ಎಳೆಯನ್ನು ಬಿಚ್ಚಿ ತೆಗೆಯುತ್ತಾರೆ. ಎರಿ ಗೂಡಿನ ತುದಿ ತೆರೆದಿರುವುದರಿಂದ ಅದನ್ನು ಹತ್ತಿಯಂತೆ ನೂಲಲೇಬೇಕು. ನೂತದ್ದನ್ನು ಗಂಟಿನ ಲೆಕ್ಕದಲ್ಲಿ ಅಳೆದು ಬರೆದಿಡಿ. ಆಮೇಲೆ ನಿಮ್ಮ ಮನೆಯಲ್ಲಿ ಮದುವೆಗೋ ಹಬ್ಬಕ್ಕೋ ಶಾಲು ಕೊಳ್ಳುವಾಗ ಗುರುತುಪಟ್ಟಿ ನೋಡಿ, ಕೈನೂಲೇ ಎಂದು ಕೇಳಿ. ಅಂಗಡಿಯವನು ಕಡಿಮೆ ಬೆಲೆ ಹೇಳಿದರೆ ಆ ಕಡಿತ ಯಾರ ಕೂಲಿಯಿಂದ ಆದದ್ದೆಂದು ಲೆಕ್ಕ ಹಾಕುವ ಅಭ್ಯಾಸ ನಿಮಗೆ ಆಗಿರುತ್ತದೆ.

ಮುಂದಿನ ಬೇಸಿಗೆಗೆ ಮಗಳು ಎರಿ ರೇಷ್ಮೆ ಹಿಡಿಯುವವಳಿದ್ದಾಳೆ. ಜೊತೆಗೆ ನೂಲಬೇಕೆನ್ನುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ. ತಕಲಿ ಹಿಡಿಯುವುದನ್ನು ಹೇಳಿಕೊಡಲು ನಮ್ಮಲ್ಲೇ ಒಂದಿಬ್ಬರು ಅಜ್ಜಿಯರು ಸಿದ್ಧರಿದ್ದಾರೆ.