ಶನಿವಾರದ ಅಮ್ಮ

ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಬಾಸೆಲ್ ಮಿಶನ್ನಿನ ಕತೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 1834ರಲ್ಲಿ ಹಡಗಿನಿಂದ ಇಳಿದ ಮೂವರು, ಅನಂತರ ಬಂದ ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ, ಕಿಟೆಲರ 1894ರ ನಿಘಂಟು - ಇವನ್ನೆಲ್ಲ ನಮ್ಮೂರಿನ ಮಕ್ಕಳು ಪಾಠದಲ್ಲಿ ಓದುವ ಮೊದಲೇ ದೊಡ್ಡವರ ಬಾಯಿಂದ ಕೇಳಿರುತ್ತಾರೆ. ಆದರೆ ಆ ಮಿಶನರಿಗಳ ಮಕ್ಕಳ ಕತೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇಲ್ಲಿಯ ಸೆಕೆಗೂ ಜ್ವರಕ್ಕೂ ಹೆದರಿ, ಓದಿನ ಸಲುವಾಗಿಯೂ, ಇನ್ನೂ ಎಳೆಯರಿರುವಾಗಲೇ ಅವರನ್ನು ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅಂಥ ಮಕ್ಕಳಿಗೆಂದೇ 1853ರಲ್ಲಿ ಬಾಸೆಲ್ ಪಟ್ಟಣದಲ್ಲಿ ಒಂದು ಮನೆ ತೆರೆಯಿತು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಉಳಿದ ಆಕೆ ಮತ್ತೆ ತಂದೆತಾಯಿಯನ್ನು ಸೇರಿದ್ದು ಹದಿನೈದರ ಹೊತ್ತಿಗೆ. ಮುಂದೆ ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ ಆಕೆಯ ಮಗ.

ನಮ್ಮ ಮನೆಯಲ್ಲಿ ಈ ಕತೆ 2015ರಲ್ಲಿ ತಲೆಕೆಳಗಾಯಿತು. ಮಕ್ಕಳಾದ ನಾವು ಇಲ್ಲೇ ಉಳಿದೆವು, ತಂದೆತಾಯಿ ಹೊರಟರು. ಪಪ್ಪ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಅಮ್ಮ ನರ್ಸ್. ಇನ್ನು ಹಾಯಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಾರೆಂದು ನಾವು ಅಂದುಕೊಂಡಿದ್ದರೆ, ಇಬ್ಬರೂ ಸಭೆಯವರ ಜೊತೆ ಮಾತಾಡಿ, ಪಶ್ಚಿಮ ಆಫ್ರಿಕದ ಘಾನಾ ದೇಶದ ಒಂದು ಚಿಕ್ಕ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯಿಸಿಯಾಗಿತ್ತು. ನಂಟರಿಗೆಲ್ಲ ಆಶ್ಚರ್ಯ. ಮಿಶನರಿ ಎಂದರೆ ನಮ್ಮವರ ಕಣ್ಣಿಗೆ ಬರುವುದು ಹಳೆಯ ಫೋಟೋದ ಗಡ್ಡದ ಬಿಳಿಯ. "ಸೀರೆ ಉಟ್ಟ ಮಿಶನರಿಯನ್ನು ಇವತ್ತೇ ನೋಡಿದ್ದು" ಎಂದು ನಮ್ಮ ದೊಡ್ಡಮಾವ ಅಮ್ಮನನ್ನು ನಗಿಸಲು ನೋಡಿದರು. ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಅವರನ್ನು ನೋಡಲು ನಾವು ಹೋದದ್ದು 2019ರ ಜನವರಿಯಲ್ಲಿ - ನಾನು, ನನ್ನವರು, ಹತ್ತು ವರ್ಷದ ಮಗ. ದುಬೈ ಮಾರ್ಗವಾಗಿ ಅಕ್ರಾಕ್ಕೆ ಹೋಗಿ, ಅಲ್ಲಿಂದ ಉತ್ತರಕ್ಕೆ ಅಕ್ವಾಪಿಮ್ ಬೆಟ್ಟಸಾಲು ಹತ್ತಬೇಕು. ಅದು ಹರ್ಮಟನ್ ಗಾಳಿಯ ಕಾಲ. ಸಹಾರಾ ಮರುಭೂಮಿಯಿಂದ ಬೀಸುವ ಒಣ ಗಾಳಿ ಊರಿಗೆಲ್ಲ ನವಿರಾದ ಧೂಳಿನ ಪರದೆ ಹಾಕುತ್ತದೆ, ಸೂರ್ಯ ತೊಳೆಯದ ತಟ್ಟೆಯ ಹಾಗೆ ಕಾಣುತ್ತಾನೆ, ತುಟಿ ಒಡೆಯುತ್ತದೆ. ಕಡಲ ಕರೆಯ ಬೆವರಿಗೆ ಒಗ್ಗಿದ ನಮಗೆ ಚರ್ಮ ಒಣಗುವುದೇ ಒಂದು ಹೊಸ ಅನುಭವ.

ಆದರೂ ಊರು ಪೂರ್ತಿ ಪರಕೀಯ ಎನ್ನಿಸಲಿಲ್ಲ. ಆ ಬೆಟ್ಟದ ಮೇಲಿನ ಅಕ್ರೊಪಾಂಗ್ ಬಾಸೆಲ್ ಮಿಶನ್ನಿನದೇ ಹಳೆಯ ಠಾಣೆ. ನಮ್ಮಲ್ಲಿಗೆ ಬರುವ ಆರು ವರ್ಷ ಮೊದಲು, 1828ರಲ್ಲಿ, ಅವರು ಆ ಕರಾವಳಿಗೆ ನಾಲ್ವರನ್ನು ಕಳುಹಿಸಿದ್ದರು. ನಾಲ್ವರೂ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1843ರಲ್ಲಿ ಜಮೈಕಾದಿಂದ ಬಂದ ಕರಿಯ ಕ್ರೈಸ್ತ ಕುಟುಂಬಗಳು ಅಲ್ಲಿ ನೆಲೆಯೂರಿದವು. ಮಾವಿನ ಸಸಿಯನ್ನೂ ಅವರು ತಂದರಂತೆ. ನಮ್ಮ ದೇಶದ ಹಣ್ಣು ಅರ್ಧ ಭೂಮಿ ಸುತ್ತಿ ಆ ಬೆಟ್ಟ ಹತ್ತಿದೆ. ನಮಗೆ ಕಿಟೆಲರು ಇದ್ದ ಹಾಗೆ ಅವರಿಗೆ ಕ್ರಿಸ್ಟಾಲರ್. ಅವರ ತ್ವಿ ಭಾಷೆಯ ನಿಘಂಟು ಬಂದದ್ದು 1881ರಲ್ಲಿ. ಪಕ್ಕದ ಮಾಂಪಾಂಗ್‌ನಲ್ಲಿ ಟೆಟೆ ಕ್ವಾರ್ಶಿ ಎಂಬ ಕಮ್ಮಾರ 1879ರಲ್ಲಿ ನೆಟ್ಟ ಕೊಕ್ಕೊ ಗಿಡಗಳ ತೋಟವನ್ನು ತೋರಿಸಿ ಪಪ್ಪ, "ನೋಡು, ಪುತ್ತೂರಿನ ಚಾಕಲೇಟ್ ಫ್ಯಾಕ್ಟರಿಯ ಅಜ್ಜನ ಮನೆ ಇದು" ಎಂದರು. ಅಡಿಕೆ ತೋಟದ ನಡುವೆ ಕೊಕ್ಕೊ ಕಾಯಿ ಕಂಡಿದ್ದ ನನ್ನ ಮಗನಿಗೆ ಆ ಮಾತು ಕೂಡಲೇ ಅರ್ಥವಾಯಿತು.

ಅಲ್ಲಿಯವರು ಹೆಸರಿಗಿಂತ ಮೊದಲು ಹುಟ್ಟಿದ ವಾರ ಕೇಳುತ್ತಾರೆ. ಮಗ ಶುಕ್ರವಾರ ಹುಟ್ಟಿದವನಾದ್ದರಿಂದ ಕೋಫಿ ಆದ. ಗುರುವಾರದ ನಾನು ಯಾ. ಭಾನುವಾರದ ನನ್ನವರು ಕ್ವಾಸಿ. ಶನಿವಾರ ಹುಟ್ಟಿದ ಹೆಣ್ಣಿಗೆ ಅಮಾ ಎಂದು ಹೆಸರು. ಇದರಿಂದ ನಮ್ಮ ಮನೆಯಲ್ಲಿ ಒಂದು ತಮಾಷೆ ನಡೆದುಹೋಗಿತ್ತು. ಹೋದ ಹೊಸತರಲ್ಲಿ ಅಮ್ಮ ಫೋನಿನಲ್ಲಿ ನನ್ನೊಡನೆ ಮಾತಾಡುವಾಗ, ಆಚೆಯಿಂದ ನಾನು "ಅಮ್ಮಾ, ಅಮ್ಮಾ" ಎನ್ನುವುದು ಆಸ್ಪತ್ರೆಯ ಹುಡುಗಿಯರ ಕಿವಿಗೆ ಬಿದ್ದಿತ್ತು. ಸರಿ, ಇವರು ಶನಿವಾರದವರು ಎಂದು ಅವರು ತೀರ್ಮಾನಿಸಿದರು. ಅಮ್ಮ ಹುಟ್ಟಿದ್ದು ಬುಧವಾರ. ತಿದ್ದಲು ಹೋಗಲಿಲ್ಲ. "ಇಡೀ ಊರು ಅಮ್ಮ ಎಂದು ಕರೆದರೆ ಬೇಡ ಎನ್ನಲಿಕ್ಕಾಗುತ್ತದಾ?" ಎಂದರು. ನಾಲ್ಕು ವರ್ಷದಿಂದ ನನ್ನ ಬಾಯಲ್ಲಿ ಹತ್ತಿರದಿಂದ ಕರೆಯಲಾಗದೆ ಉಳಿದಿದ್ದ ಮಾತು ಆ ಊರಿನಲ್ಲಿ ಬೀದಿಬೀದಿಯಲ್ಲಿ ಕೇಳಿಸುತ್ತಿತ್ತು. ಅದನ್ನು ಕೇಳಿ ನನಗೆ ಸಂತೋಷವೇ ಆಯಿತೆಂದು ಬರೆದರೆ ನೀವು ನಂಬಲಾರಿರಿ.

ನಾವು ಹೊರಡುವ ದಿನ ಜನವರಿ 19, ಶನಿವಾರ. ಸಂಜೆಯ ವಿಮಾನ, ಮಧ್ಯಾಹ್ನಕ್ಕೆ ಮೊದಲೇ ಮನೆ ಬಿಡಬೇಕು. ಹದಿನೆಂಟು ದಿನವೂ ನಾನು ಒಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದೆ. ಪಪ್ಪನಿಗೆ ಅಷ್ಟರಲ್ಲಿ ಎರಡು ಸಲ ಮಲೇರಿಯಾ ಬಂದುಹೋಗಿತ್ತು. ಮಂಗಳೂರಿನ ಮನೆಯ ಮೇಲಿನ ಕೋಣೆಗೆ ನಾವು ಹೊಸ ಬಣ್ಣ ಹೊಡೆಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ ಇಟ್ಟಿದ್ದೆವು. ಬೆಳಗಿನ ಕಾಪಿಯ ಹೊತ್ತಿಗೆ ಹಿತ್ತಲ ಮಾವಿನ ಮರದ ಕೆಳಗೆ ಪಪ್ಪ ಒಬ್ಬರೇ ಸಿಕ್ಕಿದರು.

"ಪಪ್ಪ, ಈ ವರ್ಷವಾದರೂ ಬಂದುಬಿಡಿ."

ಅವರು ಲೋಟ ಕೆಳಗಿಟ್ಟರು. "ಇನ್ನೂ ಎರಡು ವರ್ಷ ಇರುತ್ತೇವೆಂದು ಒಪ್ಪಿಕೊಂಡಿದ್ದೇವೆ ಮಗಾ. ನೀನು ಬಂದ ಮೇಲೆ ಹೇಳುವುದೆಂದು ಕಾದೆವು. ಬಂದ ಮೇಲೆ, ಹೊರಡುವ ದಿನ ಹೇಳುವುದೆಂದು ಕಾದೆವು."

ಅವರ ಕೈಕೆಳಗೆ ಇಬ್ಬರು ಹುಡುಗರು ಕಲಿಯುತ್ತಿದ್ದರು. ಜ್ವರ ಬಂದವರ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಮಲೇರಿಯಾದ ಜೀವಿಯನ್ನು ಹುಡುಕುವ ಕೆಲಸ. ನೋಡಲಿಕ್ಕೆ ಸುಲಭ; ಆದರೆ ರಕ್ತದಲ್ಲಿ ರೋಗ ಕಡಿಮೆ ಇದ್ದಾಗ ಅವಸರದ ಕಣ್ಣಿಗೆ ಅದು ತಪ್ಪಿಹೋಗುತ್ತದೆ. "ಅವರ ಕಣ್ಣು ಪಳಗಬೇಕು. ನಿನ್ನ ಮನೆಯಲ್ಲಿ ನಮಗೆ ಕೋಣೆ ಇದೆ, ಗೊತ್ತುಂಟು. ಕೋಣೆಗೆ ಅವಸರವಿಲ್ಲವಲ್ಲ" ಎಂದರು ಪಪ್ಪ.

ನಾನು ಉತ್ತರ ಹುಡುಕುತ್ತಿರುವಾಗಲೇ ಅಮ್ಮ ಬಿಳಿಯ ಮೇಲೆ ಕಪ್ಪು ಚುಕ್ಕೆಯ ಸೀರೆ ಉಟ್ಟು ಹೊರಬಂದರು. "ಒಂದು ಗಳಿಗೆ ಸಾವಿನ ಮನೆಗೆ ಹೋಗಿ ಬರುತ್ತೇನೆ. ನೀನು ಬ್ಯಾಗು ತುಂಬಿಸುತ್ತಿರು."

ಮಗಳು ಹೊರಡುವ ದಿನ ಸಾವಿನ ಮನೆಗೆ! ನಮ್ಮ ಊರಿನಲ್ಲಾದರೆ ಹತ್ತು ಜನ ಹತ್ತು ಮಾತಾಡುತ್ತಿದ್ದರು. ನನ್ನ ಮುಖ ನೋಡಿ ಅಮ್ಮ, "ಹಾಗಾದರೆ ನೀನೂ ಬಾ" ಎಂದರು. ಬ್ಯಾಗನ್ನು ನನ್ನವರಿಗೆ ಒಪ್ಪಿಸಿ ಹೊರಟೆ.

ಘಾನಾದಲ್ಲಿ ಶವಸಂಸ್ಕಾರಕ್ಕೆ ಶನಿವಾರವೇ ವಾಡಿಕೆಯ ದಿನ. ಸಾಮಾನ್ಯವಾಗಿ ಕಪ್ಪು, ಕೆಂಪು ಬಟ್ಟೆ. ತುಂಬ ವಯಸ್ಸಾಗಿ, ಬಾಳಿ ಬದುಕಿ ಹೋದವರಿಗೆ ಮಾತ್ರ ಕಪ್ಪು ಬಿಳುಪು. ಅಂದು ತೀರಿಹೋದ ಅಜ್ಜಿಗೆ ತೊಂಬತ್ತು ದಾಟಿತ್ತು. ಬಣ್ಣದ ಚಪ್ಪರಗಳು, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳು, ವಾದ್ಯ. ಯಾರು ಎಷ್ಟು ಹಣ ಕೊಟ್ಟರೆಂಬುದನ್ನು ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು; ನಮ್ಮ ಮದುವೆಮನೆಯ ಮುಯ್ಯಿಯ ಲೆಕ್ಕ ನೆನಪಾಯಿತು. ಬಂದವರು ಕುಳಿತವರ ಕೈ ಮುಟ್ಟುತ್ತ ಬಲದಿಂದ ಎಡಕ್ಕೆ ಸಾಲಾಗಿ ಹೋಗಬೇಕು. ಅಮ್ಮನೂ ಹೋದರು, ಹಿಂದೆ ನಾನೂ. ಪ್ರತಿ ಕೈಯೂ "ಅಮಾ" ಎಂದಿತು. ಕೊನೆಯಲ್ಲಿ ಮನೆಯವರು ಅಮ್ಮನನ್ನು ಅತಿಥಿಗಳ ಸಾಲಿಗೆ ಬಿಡದೆ ತಮ್ಮ ಸಾಲಿನಲ್ಲೇ ಕೂರಿಸಿಕೊಂಡರು. ಅತಿಥಿಗಳ ಕುರ್ಚಿಯಲ್ಲಿ ಕುಳಿತವಳು ನಾನೊಬ್ಬಳೇ.

ಹಿಂದಿರುಗುವ ದಾರಿಯಲ್ಲಿ ಕೇಳಿದೆ: "ಅವರು ನಿಮಗೆ ಏನಾಗಬೇಕು ಅಮ್ಮ?"

ಅಮ್ಮ ಸ್ವಲ್ಪ ದೂರ ಸುಮ್ಮನೆ ನಡೆದರು. "ನಿನ್ನ ಅಜ್ಜಿ ಹೋದ ರಾತ್ರಿ ನೆನಪುಂಟಾ?"

ನೆನಪಿಲ್ಲದೆ ಏನು. 2017ರ ಮಳೆಗಾಲ. ಅಜ್ಜಿಯ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು. ಅಮ್ಮ ಬಂದು ಮುಟ್ಟಲು ಮೂರು ದಿನ ಬೇಕು ಎಂದಾಗ, ಕಾಯುವುದು ಬೇಡವೆಂದು ಮರುದಿನವೇ ಮಣ್ಣು ಮಾಡಿದೆವು. ಅಮ್ಮ ಬರಲಿಲ್ಲ. ಹೆತ್ತ ತಾಯಿಯ ಮುಖ ನೋಡಲಿಕ್ಕೂ ಬಾರದೆ ಅಲ್ಲಿ ಹೇಗಿದ್ದಾರೋ ಎಂದು ನಾವು ಇಲ್ಲಿ ಮಾತಾಡಿಕೊಂಡಿದ್ದೆವು.

"ಫೋನು ಬಂದಾಗ ರಾತ್ರಿ ಒಂದು ಗಂಟೆ. ಪಪ್ಪ ಆಸ್ಪತ್ರೆಯಲ್ಲಿದ್ದರು. ನಾನು ಜೋರಾಗಿ ಅತ್ತಿರಬೇಕು. ಪಕ್ಕದ ಮನೆಯಿಂದ ಇವರು ಕೋಲೂರಿಕೊಂಡು ಬಂದರು. ನನಗೆ ತ್ವಿ ಆಗ ಸರಿಯಾಗಿ ಬರುತ್ತಿರಲಿಲ್ಲ, ಅವರಿಗೆ ಇಂಗ್ಲಿಷ್ ಬಾರದು. ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಬೆಳಗಿನವರೆಗೆ ಕೂತರು. ಅಜ್ಜಿಯನ್ನು ಮಣ್ಣು ಮಾಡುವ ಹೊತ್ತಿಗೆ ಇಲ್ಲಿ ಈ ಬೀದಿಯ ಹೆಂಗಸರೆಲ್ಲ ಕಪ್ಪು ಬಟ್ಟೆ ಉಟ್ಟು ನಮ್ಮ ಜಗಲಿಯಲ್ಲಿ ಕೂತಿದ್ದರು."

ನಾಲ್ಕು ವರ್ಷದ ಫೋನು ಮಾತುಗಳಲ್ಲಿ ಅಮ್ಮ ಇದನ್ನು ಹೇಳಿರಲಿಲ್ಲ. ಇಂಥದನ್ನು ಫೋನಿನಲ್ಲಿ ಹೇಳಲಿಕ್ಕೂ ಆಗುವುದಿಲ್ಲ. ಆ ಬೀದಿಯಲ್ಲಿ ಜೊತೆಯಾಗಿ ನಡೆದಾಗ ಮಾತ್ರ ಬಾಯಿಗೆ ಬರುವ ಮಾತು ಅದು.

ಮನೆಗೆ ಬಂದು ನೋಡಿದರೆ ನನ್ನವರು ಅರ್ಧ ಬ್ಯಾಗು ತುಂಬಿಸಿ, ಉಳಿದದ್ದನ್ನು ಮಂಚದ ಮೇಲೆ ಹರಡಿ, ತಲೆಗೆ ಕೈಕೊಟ್ಟು ಕುಳಿತಿದ್ದರು. ನಾವು ಒಯ್ದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಎರಡು ಬಾಟಲಿಗಳನ್ನು ಅಮ್ಮ ತೊಳೆದು ಒಣಗಿಸಿ ಇಟ್ಟಿದ್ದರು. ಪಾತ್ರೆಯನ್ನು ಬರಿದಾಗಿ ಹಿಂದೆ ಕೊಡಬಾರದಲ್ಲ. ಅವಕ್ಕೆ ಶಿಟೊ ತುಂಬಿಸಿದರು - ಮೆಣಸು, ಒಣಸಿಗಡಿ, ಎಣ್ಣೆ ಸೇರಿಸಿ ಕಪ್ಪಗೆ ಹುರಿದ ಅಲ್ಲಿಯ ಚಟ್ನಿ. ಒಣಸಿಗಡಿ ಚಟ್ನಿ ತಿಂದು ಬೆಳೆದ ಮಂಗಳೂರಿನವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಎರಡು ಸುತ್ತು ಪ್ಲಾಸ್ಟಿಕ್, ಮೇಲೆ ಹಳೆಯ ಟವೆಲು. ಕಟ್ಟುವಾಗ ಅಮ್ಮ ನನ್ನ ಮುಖ ನೋಡದೆ, "ನಾವು ಇನ್ನೂ ಇಲ್ಲಿರುವುದು ನಿನಗೆ ಬೇಸರವಾ?" ಎಂದರು.

"ಹೌದು, ಬೇಸರವೇ" ಎಂದೆ. "ಆದರೆ ಈಗ ಬನ್ನಿ ಎಂದು ಕರೆಯುವುದಿಲ್ಲ."

ಅಮ್ಮ ಗಂಟು ಬಿಗಿದರು. ಸಮಾಧಾನದ ಮಾತು ಹೇಳಲಿಲ್ಲ. ಅದೇ ಒಳ್ಳೆಯದಾಯಿತು.

ನಾವು ಹೊರಡುವಾಗ ಎಂದೂ "ಹೋಗುತ್ತೇನೆ" ಎನ್ನುವುದಿಲ್ಲ. "ಹೋಗಿ ಬರುತ್ತೇನೆ" ಎನ್ನುತ್ತೇವೆ. ಘಾನಾದವರು ಒಂದು ಹೆಜ್ಜೆ ಮುಂದೆ. ಎದ್ದು ಹೊರಟವರು ಬಾಗಿಲ ಬಳಿ ತಿರುಗಿ ಇಂಗ್ಲಿಷಿನಲ್ಲಿ "ಬರುತ್ತಿದ್ದೇನೆ" ಎಂದೇ ಹೇಳಿ ಹೋಗಿಬಿಡುತ್ತಾರೆ. ಕಾರು ಹತ್ತುವಾಗ ನನ್ನ ಮಗ ಬೀದಿಯ ಗೆಳೆಯರಿಗೆ ಅದನ್ನೇ ಹೇಳಿದ. ಅವರು "ನಾಂಟೆ ಯಿಯೆ, ಕೋಫಿ" ಎಂದು ಕೈಬೀಸಿದರು. ಚೆನ್ನಾಗಿ ನಡೆದು ಹೋಗು ಎಂದು ಅರ್ಥ. ಪಪ್ಪ ನನ್ನವರ ಕೈಗೆ ಮಾತ್ರೆಯ ಪಟ್ಟಿ ಕೊಟ್ಟು, ಊರಿಗೆ ಹೋದ ಮೇಲೂ ನಾಲ್ಕು ವಾರ ಮಲೇರಿಯಾದ ಮಾತ್ರೆ ಬಿಡಬಾರದೆಂದು ಎರಡೆರಡು ಸಲ ಹೇಳಿದರು. ಅವರಿಗೆ ಕಣ್ಣೀರು ಬಂದರೆ ಔಷಧದ ವಿಷಯ ಮಾತಾಡುವುದು ಮೊದಲಿನಿಂದಲೂ ಅಭ್ಯಾಸ.

ಮರುವರ್ಷದ ಮಾರ್ಚಿನಲ್ಲಿ ಕೊರೋನಾ ಬಂದು ಎರಡೂ ದೇಶಗಳ ವಿಮಾನಗಳು ನಿಂತವು. ಮಗುವನ್ನು ಹಡಗು ಹತ್ತಿಸಿ ತಿಂಗಳುಗಟ್ಟಲೆ ಕಾಗದಕ್ಕೆ ಕಾದ ಆ ಹಳೆಯ ತಾಯಂದಿರನ್ನು ನಾನು ಆಗ ಬಹಳ ನೆನೆದೆ. ನಮಗೆ ದಿನವೂ ಫೋನು ಇತ್ತು. ಅದಕ್ಕಿಂತ ಹೆಚ್ಚಾಗಿ, ಏನಾದರೂ ಆದರೆ ಕೋಲೂರಿಕೊಂಡಾದರೂ ಬರುವ ಜನ ಆ ಬೀದಿಯಲ್ಲಿ ಇದ್ದಾರೆಂಬುದು ನನಗೆ ಗೊತ್ತಿತ್ತು. ಅದೊಂದು ಗೊತ್ತಿಲ್ಲದೆ ಹೋಗಿದ್ದರೆ ಆ ವರ್ಷ ನಾನು ನಿದ್ದೆ ಮಾಡುತ್ತಿರಲಿಲ್ಲ.

ಪಪ್ಪ, ಅಮ್ಮ 2021ರ ಕೊನೆಗೆ ಮರಳಿದರು. ಮೇಲಿನ ಕೋಣೆಯಲ್ಲಿ ಈಗ ಅವರಿದ್ದಾರೆ. ಹುಡುಗರಿಬ್ಬರೂ ಪರೀಕ್ಷೆ ಪಾಸಾದರು. ಶನಿವಾರ ಬೆಳಿಗ್ಗೆ ಮಾತ್ರ ಅಮ್ಮನ ಫೋನು ಬಿಡುವಾಗಿರುವುದಿಲ್ಲ. ಹೆಸರಿನ ದಿನವೆಂದು ಅಲ್ಲಿಂದ ಒಬ್ಬರಲ್ಲ ಒಬ್ಬರು ಕರೆಯುತ್ತಾರೆ. ತಿಂಡಿ ಆರುತ್ತದೆ. ನಾನು ತಟ್ಟೆ ಮುಚ್ಚಿಟ್ಟು ಕಾಯುತ್ತೇನೆ.